ಹಸಿರು ಬಂದ ಮೇಲೂ

ಅಮ್ಮ ತನ್ನ ಉದ್ಯೋಗಕಾಲವನ್ನೆಲ್ಲ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಎಡಪಕ್ಕದ ಸೀಟಿನಲ್ಲಿ ಕೂತು ಕಳೆದವಳು. ಕಲಿಸುವವರ ಕಾಲಿನ ಬಳಿ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವಳ ಪಾದ ಸದಾ ಸಿದ್ಧವಾಗಿರುತ್ತಿತ್ತು. ಅದಕ್ಕೇ ಶಿಷ್ಯಕೋಟಿ ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟಿತ್ತು. ನಿವೃತ್ತಳಾದ ತಿಂಗಳೇ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದಳು. ಎರಡೇ ಸೀಟು, ಕೆಂಪು ಬಣ್ಣ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ಅಪ್ಪ ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ಇಷ್ಟು ವರ್ಷ ಬೇರೆಯವರಿಗೋಸ್ಕರ ಬ್ರೇಕ್ ತುಳಿದಿದ್ದಾಯ್ತು. ಇನ್ನು ನನಗೋಸ್ಕರ ಆಕ್ಸಿಲರೇಟರ್ ತುಳೀತೀನಿ."

ತುಳಿದಳು ಕೂಡ. ಆಮೇಲೊಂದು ದಿನ ಸೊಂಟದ ಕೀಲು ಸವೆದು ಹೋಗಿದೆ ಎಂದು ಗೊತ್ತಾಯಿತು. ಕೀಲಿ ಕೈಯಲ್ಲಿತ್ತು, ಕೀಲು ಕೈಕೊಟ್ಟಿತ್ತು. ಆಪರೇಷನ್ ಆಗಿ ಹೊಸ ಕೀಲು ಕೂತಿತು. ಆದರೆ ಕೆಲವು ತಿಂಗಳು ಮೆಟ್ಟಿಲು ಇಳಿಯಬಾರದು, ತಗ್ಗಿನ ಕುರ್ಚಿಯ ಕಡೆ ನೋಡಲೂಬಾರದು ಎಂದರು ಡಾಕ್ಟರು. ಅಮ್ಮ ಮಹಡಿಯ ಕೋಣೆಯಲ್ಲಿ, ಕಾರು ಅದೇ ಕೋಣೆಯ ಕೆಳಗಿನ ಶೆಡ್ಡಿನಲ್ಲಿ. ಅವಳಿಗೂ ಹೊದಿಕೆ, ಅದಕ್ಕೂ ಹೊದಿಕೆ.

ನನ್ನ ಅಣ್ಣ ವಿಮಾ ಕಂಪನಿಯವನು. ಯಾವುದರಲ್ಲಿ ಎಷ್ಟು ಅಪಾಯವಿದೆ ಎಂದು ಅಳೆಯುವುದೇ ಅವನ ಉದ್ಯೋಗ. ಮನೆಯಲ್ಲಿ ಅವನಿಗೆ 'ಒಂದುವೇಳೆ' ಎಂದೇ ಹೆಸರು.

"ಒಂದುವೇಳೆ ಕೂತ್ಮೇಲೆ ಏಳೋಕೆ ಆಗ್ಲಿಲ್ಲ ಅಂದ್ರೆ? ಒಂದುವೇಳೆ ನಡುರಸ್ತೇಲಿ ಕಾಲು ಹಿಡ್ಕೊಂಡ್ರೆ?" ಎಂದು ಅಮ್ಮನ ಮಂಚದ ಪಕ್ಕ ನಿಂತು ಪಾಲಿಸಿ ಓದಿದ. "ನಮ್ಮ ಹಲ್ಲಿನ ಡಾಕ್ಟ್ರು ಕಾರು ಕೇಳ್ತಿದ್ದಾರೆ. ಕೊಟ್ಬಿಡೋಣಮ್ಮ."

"ನಾನು ಕೆಳಗಿಳಿದ ದಿನ ಯಾರ ಕೈನೂ ಹಿಡೀದೆ ಅದರಲ್ಲಿ ಕೂರ್ತೀನಿ. ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ, ಬೀದಿ ಕೊನೆ ಮುಟ್ಟಿ ವಾಪಸ್ ಬರ್ತೀನಿ. ಬಂದ್ರೆ ಮತ್ತೆ ಈ ಮಾತು ಎತ್ತಬಾರದು. ಬರ್ಲಿಲ್ಲ ಅಂದ್ರೆ ನಿನ್ನ ಡಾಕ್ಟ್ರಿಗೇ ಕೊಡು."

"ಒಂದೇ ಸಲಕ್ಕಾ?"

"ಎರಡನೇ ಸಲ ಅನ್ನೋದು ಕಲಿಯೋರಿಗೆ ಕಣೋ. ನಾನು ಕಲಿಸಿದೋಳು."

ಕೂರುವ ಕೆಲಸ ಅವಳದು, ಕಾರನ್ನು ಜೀವಂತ ಇಡುವ ಕೆಲಸ ನನ್ನದು. ಆಸ್ಪತ್ರೆಗೆ ಹೊರಡುವ ಮುನ್ನವೇ ನನ್ನನ್ನು ಶೆಡ್ಡಿಗೆ ಕರೆದೊಯ್ದು ಪಾಠ ಮಾಡಿದ್ದಳು. ಆ ಕಾರಿಗೆ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಬ್ಯಾಟರಿ ಇರುವುದು ಆ ಮುಂದಿನ ಡಿಕ್ಕಿಯಲ್ಲಿ. ಡ್ರೈವರ್ ಸೀಟಿನ ಪಕ್ಕದ ಗುಂಡಿ ಒತ್ತಿದರೆ ಡಿಕ್ಕಿ ಬಾಯಿ ಬಿಡುತ್ತದೆ. ಒಳಗಿನ ಪುಟ್ಟ ಬಲ್ಬು ಸುಮ್ಮನೆ ಉರಿಯುತ್ತಿರಬಾರದೆಂದು ಅದನ್ನು ಮೊದಲೇ ಬಿಚ್ಚಿಟ್ಟಿದ್ದಳು. ಸೋಪಿನ ಡಬ್ಬಿಯಷ್ಟು ದಪ್ಪದ ಚಾರ್ಜರನ್ನು ಕೈಗಿತ್ತಳು.

"ಇದು ತುಂಬೋ ಚಾರ್ಜರ್ ಅಲ್ಲ ಗಿಣಿ, ಕಾಯೋ ಚಾರ್ಜರ್. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಕ್ಲಿಪ್ಪು ಮೈನಸ್ಸಿಗೆ. ಕಿತ್ತಳೆ ಬಣ್ಣ ಬಂದ್ರೆ ಉಣ್ತಾ ಇದೆ ಅಂತ. ಹಸಿರು ಬಂದ್ರೆ ಹೊಟ್ಟೆ ತುಂಬಿದೆ ಅಂತ. ಆದ್ರೆ ಹಸಿರು ಬಂದ್ಮೇಲೂ ತೆಗೀಬೇಡ."

ಗಿಣಿ ಎಂದರೆ ನಾನು. ಕೇಳಿದ ಸದ್ದನ್ನು ಕೇಳಿದ ಹಾಗೇ ಒಪ್ಪಿಸುವ ಚಟಕ್ಕೆ ಸಿಕ್ಕ ಬಿರುದು. ನಾನು ಪಾಠ ಮಾಡುವ ಕಾಲೇಜಿನ ಪ್ರಿನ್ಸಿಪಾಲರು ಮತ್ತು ನಮ್ಮನೆ ಕುಕ್ಕರ್, ಇಬ್ಬರೂ ಸಿಟ್ಟಾದಾಗ ಹೇಗೆ ಕೂಗುತ್ತಾರೆಂದು ನಾನು ಕೂಗಿ ತೋರಿಸಬಲ್ಲೆ.

"ಹೊಟ್ಟೆ ತುಂಬಿದ ಮೇಲೆ ಮತ್ಯಾಕಮ್ಮ?"

"ಕಾರು ನಿಂತಿದ್ರೂ ಒಳಗೆ ಅಲಾರಂ, ಗಡಿಯಾರ, ಬೀಗ ಎಲ್ಲ ಗುಟುಕು ಗುಟುಕಾಗಿ ಕುಡೀತಾನೇ ಇರ್ತವೆ. ಕುಡಿದಷ್ಟನ್ನ ಇದು ತುಂಬುತ್ತೆ, ಸಾಕಾದ್ರೆ ಸುಮ್ಮನಾಗುತ್ತೆ. ನಿಮ್ಮಜ್ಜಿ ಥರ ಬೇಡ ಬೇಡ ಅಂದ್ರೂ ಬಡಿಸಲ್ಲ."

"ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಆರಿಸ್ಲಾ?"

"ಮುಟ್ಟಬೇಡ. ಸ್ವಲ್ಪ ಹೊತ್ತು ಗುರ್ ಅನ್ನಿಸಿ ಆರಿಸಿದ್ರೆ ಸ್ಟಾರ್ಟ್ ಆಗೋಕೆ ತಿಂದಿದ್ದೂ ವಾಪಸ್ ಬರಲ್ಲ. ಇನ್ನೊಂದು ಮಾತು. ಡಿಕ್ಕಿ ಮುಚ್ಚಳ ಸುಮ್ಮನೆ ಕೆಳಗೆ ಬಿಡು, ಒತ್ತಬೇಡ. ಒತ್ತಿದ್ರೆ ಬೀಗ ಬೀಳುತ್ತೆ. ಬೀಗ ತೆಗೆಯೋಕೆ ಬ್ಯಾಟರಿ ಬೇಕು. ಬ್ಯಾಟರಿ ಇರೋದು ಬೀಗದ ಒಳಗೆ."

ಹೀಗೆ ಚಾರ್ಜರಿನ ಚಾರ್ಜು ನಾನು ವಹಿಸಿಕೊಂಡೆ. ದಿನಾ ಹೋಗಿ ನೋಡುವುದು, ಹಸಿರು ದೀಪ ನನ್ನನ್ನು ನೋಡುವುದು, ಇಬ್ಬರೂ ಸುಮ್ಮನಾಗುವುದು. ಇದಕ್ಕಿಂತ ಸುಖದ ನೌಕರಿ ಇನ್ನೊಂದಿಲ್ಲ.

ಈಗ ಅಪ್ಪನ ವಿಷಯ. ವಿದ್ಯುತ್ ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುತ್ತಿದ್ದವರು. ಊರಿನ ಮೀಟರುಗಳೆಲ್ಲ ಓಡುವುದನ್ನು ಕಣ್ಣಾರೆ ಕಂಡ ಅವರಿಗೆ ನಮ್ಮ ಮನೆಯದಾದರೂ ನಿಧಾನವಾಗಿ ನಡೆಯಲಿ ಎಂಬ ಆಸೆ. ನಾವು ಯಾವ ಕೋಣೆಯಿಂದ ಹೊರಬಿದ್ದರೂ ಬೆನ್ನ ಹಿಂದೆ ಕತ್ತಲೆ ಬರುತ್ತಿತ್ತು. ಬಚ್ಚಲಲ್ಲಿ ನಾವೆಲ್ಲ ಹಾಡುವುದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ಸುಮ್ಮನಿದ್ದರೆ ಒಳಗೆ ಯಾರೂ ಇಲ್ಲವೆಂದು ಅಪ್ಪ ಲೈಟ್ ಆರಿಸಿಬಿಡುತ್ತಾರೆ.

ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ನಾನು ಕೆಲವು ವಾರ ಬೇರೆ ಊರಿಗೆ ಹೋಗಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ ಅಪ್ಪನಿಗೆ, "ಚಾರ್ಜರಲ್ಲಿ ಹಸಿರು ದೀಪ ಬಂದಿದೆಯಾ ಅಂತ ನೋಡ್ತಿರಿ ಅಪ್ಪ, ಅಷ್ಟೇ," ಎಂದೆ. ಆ 'ಅಷ್ಟೇ' ಸಾಕಾಗಿತ್ತು.

ವಾಪಸ್ ಬಂದದ್ದು ಶನಿವಾರ ಬೆಳಿಗ್ಗೆ. ಅಮ್ಮನಿಗೆ ಮೆಟ್ಟಿಲಿಳಿಯಲು ಅನುಮತಿ ಸಿಕ್ಕಿತ್ತು, ಸೀಟಿನ ಮೇಲೆ ದಪ್ಪ ದಿಂಬು ಹಾಕಿಕೊಂಡರೆ ಕಾರಿಗೂ ಅಡ್ಡಿಯಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಭಾನುವಾರ ಸಂಜೆ ಅಮ್ಮನ ಸವಾಲು ನೋಡಲು ಅಣ್ಣ ತನ್ನ ಹಲ್ಲಿನ ಡಾಕ್ಟರನ್ನು ಕರೆದುಕೊಂಡೇ ಬರುವವನಿದ್ದ. ಚೀಲ ಇಳಿಸಿ ನೇರ ಶೆಡ್ಡಿಗೆ ಹೋದೆ. ನೆಲ ಗುಡಿಸಿ ಅಚ್ಚುಕಟ್ಟಾಗಿತ್ತು. ಗೋಡೆಯ ಪ್ಲಗ್ಗಿನಲ್ಲಿ ವೈರ್ ಇರಲಿಲ್ಲ. ಕಾರಿನ ಹೊದಿಕೆ ಎತ್ತಿದೆ. ಡಿಕ್ಕಿಯ ಮುಚ್ಚಳ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಬಿಗಿಯಾಗಿ ಕೂತಿತ್ತು.

ಅಪ್ಪ ಹಿಂದೆಯೇ ಬಂದರು. ಮುಖದಲ್ಲಿ ಶಭಾಷ್‌ಗಿರಿಯ ನಿರೀಕ್ಷೆ.

"ನೀನು ಹೋದ ಮಾರನೇ ದಿನಾನೇ ನೋಡ್ದೆ. ಹಸಿರು ಬಂದಿತ್ತು. ತುಂಬಿದ ಕೊಡಕ್ಕೆ ಯಾರಾದ್ರೂ ನಲ್ಲಿ ಬಿಡ್ತಾರಾ? ತೆಗೆದೆ, ವೈರು ಸುತ್ತಿದೆ, ಇಲಿ ಕಡೀಬಾರ್ದು ಅಂತ ಡಿಕ್ಕಿ ಒಳಗೇ ಇಟ್ಟೆ. ಮುಚ್ಚಳ ಯಾರೋ ಅರೆಬರೆ ಬಿಟ್ಟಿದ್ರು, ಅದನ್ನೂ ಸರಿಯಾಗಿ ಒತ್ತಿದೆ."

ಬಾಗಿಲನ್ನು ಕೀಲಿಯಿಂದ ತೆಗೆದು ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಕಾರು ಮೌನವ್ರತ ಹಿಡಿದಿತ್ತು. ಬ್ಯಾಟರಿ ಸತ್ತಿದೆ, ಅದನ್ನು ಬದುಕಿಸುವ ಚಾರ್ಜರು ಒಳಗಿದೆ, ಡಿಕ್ಕಿಯ ಬೀಗ ತೆಗೆಯಬೇಕಾದದ್ದು ಸತ್ತ ಬ್ಯಾಟರಿ. ಇದನ್ನು ಅಪ್ಪನಿಗೆ ಬಿಡಿಸಿ ಹೇಳುತ್ತ ಹೋದ ಹಾಗೆ ಅವರ ಮುಖದ ಲೈಟೂ ಒಂದೊಂದಾಗಿ ಆರಿತು.

"ನಾಳೆ ಅವಳು ಕೀಲಿ ತಿರುಗಿಸೋವಾಗ," ಎಂದರು ದನಿ ತಗ್ಗಿಸಿ, "ನೀನು ಹಿಂದೆ ನಿಂತು ಗುರ್ ಅಂದ್ರೆ ಆಗಲ್ವಾ? ಥೇಟ್ ಅದೇ ಥರ ಮಾಡ್ತೀಯ."

"ಸ್ಟಾರ್ಟ್ ಆಗೋ ಸದ್ದು ನಾನು ಮಾಡ್ತೀನಿ ಅಪ್ಪ. ಬೀದಿ ಕೊನೆ ತನಕ ಕಾರು ಹೋಗ್ಬೇಕಲ್ಲ?"

"ನಾನು ತಳ್ತೀನಿ."

ತಳ್ಳಿಯೇ ತಳ್ಳುತ್ತಿದ್ದರು, ಅದೇ ಕಷ್ಟ. ನಾನು ಮೆಟ್ಟಿಲು ಹತ್ತಿ ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅಪ್ಪ ಬಾಗಿಲ ಹಿಂದೆ ನಿಂತರು. ಅಮ್ಮ ದಿಂಬಿಗೆ ಒರಗಿಕೊಂಡು ಪೂರ್ತಿ ಕೇಳಿದಳು.

"ಗುಂಡಿ ಒತ್ತಿದಾಗ ಏನಂತು? ಅಂದು ತೋರಿಸು."

ನಾನು ಬಾಯಿ ತೆರೆದೆ, ಏನೂ ಅನ್ನಲಿಲ್ಲ, ಮುಚ್ಚಿದೆ.

"ಟಿಕ್ ಅಂತಾನೂ ಇಲ್ಲ?"

ಇನ್ನೊಮ್ಮೆ ಹಾಗೆಯೇ ಮಾಡಿದೆ.

"ಪೂರ್ತಿ ಖಾಲಿ," ಎಂದಳು, ತರಕಾರಿ ಬುಟ್ಟಿಯ ವಿಷಯ ಹೇಳುವ ಹಾಗೆ. "ರೀ, ಬಾಗಿಲ ಹಿಂದೆ ಇರೋರು ಒಳಗೆ ಬನ್ನಿ. ನಿಮ್ಮ ಸ್ಕೂಟರ್ ಸ್ಟಾರ್ಟ್ ಆಗುತ್ತೇನ್ರೀ?"

"ನನ್ನ ಸ್ಕೂಟರ್ ಯಾವತ್ತು ಕೈಕೊಟ್ಟಿದೆ?" ಅಪ್ಪನಿಗೆ ನೋವಾಯಿತು.

"ಹಾಗಾದ್ರೆ ಅದರ ಬ್ಯಾಟರಿ ಬಿಚ್ಚಿ."

ಆಮೇಲಿನದೆಲ್ಲ ಡ್ರೈವಿಂಗ್ ಕ್ಲಾಸು. ಅಮ್ಮ ಮೇಲೆ ಮಂಚದಲ್ಲಿ, ಫೋನು ನನ್ನ ಕಿವಿಗೂ ಭುಜಕ್ಕೂ ನಡುವೆ, ಅಪ್ಪನ ಕೈಯಲ್ಲಿ ಟಾರ್ಚು. ಡ್ರೈವರ್ ಕಾಲಿನ ಬಳಿ ಫ್ಯೂಸ್ ಪೆಟ್ಟಿಗೆ. ಅದರಲ್ಲೊಂದು ಕೆಂಪು ಪಟ್ಟಿ, ಬ್ಯಾಟರಿ ಸತ್ತಾಗ ಹೊರಗಿನಿಂದ ಕರೆಂಟು ಕೊಡಲೆಂದೇ ಇಟ್ಟದ್ದು; ಎಳೆದಾಗ ನಾಲಿಗೆಯಂತೆ ಹೊರಬಂತು. ಅಮ್ಮನ ಡ್ರೈವಿಂಗ್ ಸ್ಕೂಲಿನ ಕಾಲದಿಂದ ಶೆಡ್ಡಿನ ಮೊಳೆಗೆ ನೇತುಬಿದ್ದಿದ್ದ ದಪ್ಪ ವೈರುಗಳನ್ನು ತಂದೆವು. ಸ್ಕೂಟರ್ ಬ್ಯಾಟರಿಯ ಪ್ಲಸ್ಸಿನಿಂದ ಆ ನಾಲಿಗೆಗೆ ಒಂದು, ಮೈನಸ್ಸಿನಿಂದ ಬಾಗಿಲ ಚೌಕಟ್ಟಿನ ಕಬ್ಬಿಣದ ಕೊಂಡಿಗೆ ಇನ್ನೊಂದು.

"ಈಗ ಒತ್ತು."

ಠಕ್. ಡಿಕ್ಕಿ ತುಟಿ ಬಿಚ್ಚಿತು. ಆ ಸದ್ದನ್ನು ನಾನು ಫೋನಿಗೆ ಒಪ್ಪಿಸುವ ಮೊದಲೇ, "ಕೇಳಿಸ್ತು," ಎಂದಳು ಅಮ್ಮ.

ಚಾರ್ಜರ್ ಹೊರಬಂತು. ಕೆಂಪು, ಕಪ್ಪು, ಎರಡೂ ಕ್ಲಿಪ್ಪು ಕಚ್ಚಿಸಿ ಸ್ವಿಚ್ ಹಾಕಿದೆ. ಹಸಿರಿಲ್ಲ, ಕಿತ್ತಳೆಯೂ ಇಲ್ಲ. ಅಪ್ಪ ನನ್ನ ಮುಖ ನೋಡಿದರು.

"ಬ್ಯಾಟರಿ ತೀರಾ ಇಳಿದಿದೆಯಲ್ಲ, ಅದು ಹೆಣ ಅಂತ ತಿಳ್ಕೊಂಡಿದೆ," ಎಂದಳು ಅಮ್ಮ. "ಹೆಣದ ಬಾಯಿಗೆ ಯಾರು ತುತ್ತಿಡ್ತಾರೆ? ಸ್ಕೂಟರ್ ಬ್ಯಾಟರಿನ ಇದರ ಜೊತೆಗೆ ಕೂಡಿಸು. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಚಿಕ್ಕದು ದೊಡ್ಡದರ ದನೀಲಿ ಮಾತಾಡುತ್ತೆ. ಚಾರ್ಜರ್ ನಂಬಿ ಶುರು ಮಾಡಿದ ಮೇಲೆ ಚಿಕ್ಕದನ್ನ ತೆಗಿ."

"ಅಂದ್ರೆ ಮಿಮಿಕ್ರಿ."

"ಹೂಂ. ಆದ್ರೆ ಅದು ನಿನ್ನ ಹಾಗೆ ಊಟದ ಹೊತ್ತಿನಲ್ಲಿ ಮಾಡಲ್ಲ."

ಕೂಡಿಸಿದೆವು. ಮೊದಲು ಏನೂ ಇಲ್ಲ. ಆಮೇಲೆ ಚಾರ್ಜರಿನ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕಿಯೊಂದು ಹತ್ತಿತು. ಸ್ವಲ್ಪ ಹೊತ್ತು ಬಿಟ್ಟು ಸ್ಕೂಟರ್ ಬ್ಯಾಟರಿ ಬಿಚ್ಚಿದೆ. ಚುಕ್ಕಿ ಹಾಗೇ ಉಳಿಯಿತು.

"ನಾಳೆ ಸಂಜೆಗೆ ಹಸಿರು ಬರುತ್ತೇನಮ್ಮ?"

"ಬರದಿದ್ರೂ ಪರವಾಗಿಲ್ಲ. ಒಂದು ಸಲ ಎಬ್ಬಿಸೋಷ್ಟು ಬಂದ್ರೆ ಸಾಕು. ನಾನು ಮಾತು ಕೊಟ್ಟಿರೋದೂ ಒಂದೇ ಸಲಕ್ಕೆ ತಾನೆ?"

ಫೋನಿಟ್ಟು ನೋಡುತ್ತೇನೆ, ಅಪ್ಪ ಅಡುಗೆಮನೆಯಿಂದ ಕುರ್ಚಿ ತಂದು ಸ್ವಿಚ್ಚಿನ ಎದುರು ಹಾಕಿಕೊಂಡು ಕೂತಿದ್ದಾರೆ. "ಯಾರಾದ್ರೂ ಬಂದು ಆರಿಸಿಬಿಟ್ರೆ?" ಎಂದರು. ಆರಿಸುವ 'ಯಾರಾದರೂ' ಆ ಮನೆಯಲ್ಲಿ ಒಬ್ಬರೇ ಇದ್ದರು, ಅವರನ್ನು ಅವರೇ ಕಾಯುತ್ತಿದ್ದರು. ನಾನು ಬೇಕೆಂದೇ ಶೆಡ್ಡಿನ ಲೈಟ್ ಆರಿಸದೆ ಹೊರಟೆ. ಅವರ ಕೈ ತಾನಾಗಿಯೇ ಮೇಲೆದ್ದಿತು. ಅದನ್ನು ಹಿಡಿದು ಜೇಬಿನೊಳಗೆ ಹಾಕಿಕೊಂಡರು.

ಭಾನುವಾರ ಸಂಜೆ ಅಣ್ಣ ಬಂದ, ಜೊತೆಗೆ ಹಲ್ಲಿನ ಡಾಕ್ಟರು. ಮಿತಭಾಷಿ, ಎಲ್ಲರ ಬಾಯಿ ತೆರೆಸುವವರು ತಮ್ಮದನ್ನು ಹೆಚ್ಚು ತೆರೆಯುವುದಿಲ್ಲವೇನೋ. ಅಮ್ಮ ಕೋಲು ಹಿಡಿದು ಮೆಟ್ಟಿಲಿಳಿದಳು. ಅವಸರವಿಲ್ಲ, ಅಂಜಿಕೆಯೂ ಇಲ್ಲ. ನಾನು ಕ್ಲಿಪ್ಪು ಬಿಚ್ಚುವಾಗ ದೀಪ ಇನ್ನೂ ಕಿತ್ತಳೆಯಾಗಿಯೇ ಇತ್ತು. ಮುಚ್ಚಳ ಒತ್ತಿ ಅವಳ ಮುಖ ನೋಡಿದೆ. ಸಾಕು ಎನ್ನುವ ಹಾಗೆ ಕಣ್ಣು ಮಿಟುಕಿಸಿದಳು.

ಸೀಟಿನ ಮೇಲೆ ದಿಂಬು, ದಿಂಬಿನ ಮೇಲೊಂದು ಪ್ಲಾಸ್ಟಿಕ್ ಚೀಲ. ಕೋಲನ್ನು ಅಪ್ಪನಿಗೆ ಕೊಟ್ಟು, ಕಾರಿಗೆ ಬೆನ್ನು ಹಾಕಿ ನಿಂತು, ಬಾಗಿಲ ಚೌಕಟ್ಟು ಹಿಡಿದಳು. ಅಣ್ಣ ಕೈ ಚಾಚಿದ.

"ಕೈ ತೆಗಿಯೋ."

ಮೆಲ್ಲಗೆ ಕೂತಳು. ಎರಡೂ ಕಾಲು ಜೋಡಿಸಿ, ಚೀಲದ ಮೇಲೆ ಜಾರಿ, ಸ್ಟೇರಿಂಗಿನ ಕಡೆ ತಿರುಗಿದಳು. ಮಂಚದ ಅಂಚಿನಲ್ಲಿ ದಿನಾ ಇದೇ ಅಭ್ಯಾಸ ಮಾಡುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಕೀಲಿ ತಿರುಗಿಸಿದಳು.

ರ್ರೂ… ಎಂದಿತು ಕಾರು, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಅಪ್ಪನ ಹಾಗೆ. ರ್ರೂ… ಎಂದು ಇನ್ನೂ ನಿಧಾನವಾಗಿ ನರಳಿತು. ಅಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದರು. ಅಣ್ಣ 'ಒಂದು' ಎನ್ನುವ ತನಕ ಬಂದಿದ್ದ, 'ವೇಳೆ' ಸಿಗಲಿಲ್ಲ. ಮೂರನೆಯ ನರಳಾಟದ ತುದಿಯಲ್ಲಿ ಎಂಜಿನ್ ಹತ್ತಿಕೊಂಡು ಶೆಡ್ಡಿನ ತಗಡೆಲ್ಲ ಝಲ್ಲೆಂದಿತು. ಆ ಸದ್ದನ್ನು ಮಾತ್ರ ನಾನು ಇವತ್ತಿನವರೆಗೂ ಅನುಕರಿಸಲು ಹೋಗಿಲ್ಲ.

"ಮೂರು ಸಲ ನರಳ್ತಲ್ಲ ಅದು," ಎಂದ ಅಣ್ಣ.

"ನರಳಿದ್ದು ಮೂರು ಸಲ. ಕೀಲಿ ತಿರುಗಿಸಿದ್ದು ಒಂದು ಸಲ, ನಡುವೆ ಬಿಟ್ಟಿಲ್ಲ. ಬಾ, ಪಕ್ಕದಲ್ಲಿ ಹತ್ತಿ ಕೂತ್ಕೋ, ನೀನೇ ಸಾಕ್ಷಿ."

ಬೀದಿಯ ಕೊನೆಯಲ್ಲಿ ಕಾರು ಕೆಂಪು ಚುಕ್ಕಿಯಾಗಿ, ತಿರುಗಿ, ಮತ್ತೆ ಕಾರಾಗಿ ಬಂದು ನಮ್ಮೆದುರು ನಿಂತಿತು. ಪಕ್ಕದ ಸೀಟಿನಲ್ಲಿದ್ದ ಅಣ್ಣ ಬಾಗಿಲು ತೆಗೆದ. ಅವನ ಕಾಲಡಿಯ ಮ್ಯಾಟು ಮುದ್ದೆಯಾಗಿತ್ತು.

"ಅಲ್ಲಿ ಬ್ರೇಕ್ ಇಲ್ಲ ಕಣೋ," ಎಂದಳು ಅಮ್ಮ. "ಹೋಗ್ತಾ ತುಳಿದೆ, ಬರ್ತಾ ತುಳಿದೆ. ನನ್ನ ಹೆಸರು ಇನ್ನು ನೀನೇ ಇಟ್ಕೋ."

ಅಷ್ಟು ತಗ್ಗಿನ ಸೀಟಿನಿಂದ ಏಳಲು ಅಣ್ಣ ಎರಡು ಸಲ ಪ್ರಯತ್ನಿಸಿ, ಕೊನೆಗೆ ಅಪ್ಪನ ಕೈ ಹಿಡಿದು ಎದ್ದ. ಮೊಣಕಾಲು ಒರೆಸಿಕೊಂಡು, "ಒಂದುವೇಳೆ…" ಎಂದು ನಿಲ್ಲಿಸಿದ. ನಾವೆಲ್ಲ ಕಾದೆವು. "ಒಂದುವೇಳೆ ದೂರ ಹೋಗೋದಾದ್ರೆ ಫೋನ್ ತಗೊಂಡು ಹೋಗಮ್ಮ." ಮಾರುವ ಮಾತಿಗೆ ಅಲ್ಲಿಗೆ ಪೂರ್ಣವಿರಾಮ ಬಿತ್ತು.

ಅಮ್ಮ ಎಂಜಿನ್ ಆರಿಸಲಿಲ್ಲ. "ಬೀದಿ ಕೊನೆಗೆ ಹೋಗಿದ್ದು ನಿನಗೋಸ್ಕರ. ಇನ್ನು ಬ್ಯಾಟರಿಗೋಸ್ಕರ ಹೋಗ್ಬೇಕು. ಚೆನ್ನಾಗಿ ಓಡಿಸದೆ ಅದು ತುಂಬಲ್ಲ."

ಡಾಕ್ಟರು ಒಂದು ಹೆಜ್ಜೆ ಮುಂದೆ ಬಂದು ಕೆಮ್ಮಿದರು. "ಸೀಟು ಖಾಲಿ ಇದೆ… ನಾನೂ ಒಂದು ರೌಂಡ್ ಬರಬಹುದಾ?"

"ಬನ್ನಿ ಡಾಕ್ಟ್ರೇ. ಆದ್ರೆ ನಿಮ್ಮ ಕುರ್ಚೀಲಿ ಬಾಯಿ ತೆಗೀಬೇಕು, ನನ್ನ ಸೀಟಲ್ಲಿ ಮುಚ್ಕೊಂಡಿರಬೇಕು."

ಅವರು ಮುಚ್ಚಿಕೊಂಡೇ ತಲೆಯಾಡಿಸಿ ಹತ್ತಿದರು. ಸದ್ದು ಬೀದಿ ದಾಟಿ, ತಿರುವು ದಾಟಿ, ಕೇಳಿಸದಷ್ಟು ದೂರ ಹೋಯಿತು.

ಅಪ್ಪ ಶೆಡ್ಡಿನಲ್ಲಿ ನಿಂತು ಗೋಡೆ ನೋಡುತ್ತಿದ್ದರು. ಚಾರ್ಜರಿನ ಕ್ಲಿಪ್ಪುಗಳು ನೆಲದ ಮೇಲೆ ಸುಮ್ಮನೆ ಬಿದ್ದಿದ್ದವು, ಸ್ವಿಚ್ ಮಾತ್ರ ಹಾಕಿಯೇ ಇತ್ತು.

"ಈಗ ಆರಿಸಬಹುದೇನೇ?"

"ಈಗ ಆರಿಸಿ ಅಪ್ಪ."

ತುಂಬ ದಿನದ ಮೇಲೆ ಸಿಕ್ಕ ಸಿಹಿಯಂತೆ ಸ್ವಿಚ್ಚನ್ನು ನಿಧಾನವಾಗಿ ಒತ್ತಿದರು. ಆಮೇಲೆ ಕುರ್ಚಿಯನ್ನು ಅದರ ಎದುರಿಗೇ ಎಳೆದುಕೊಂಡು ಕೂತರು.

"ಒಳಗೆ ಬನ್ನಿ, ಅವಳು ಬರೋದು ತಡ ಆಗುತ್ತೆ," ಎಂದೆ.

"ಬಂದ ತಕ್ಷಣ ಮತ್ತೆ ಹಾಕ್ಬೇಕಲ್ಲ," ಎಂದರು ಅಪ್ಪ.