ಹಿಡಿ ಮರಳು, ಒಂದು ಲೋಟ ನೀರು

ಎರಕದ ಶೆಡ್ಡಿನಲ್ಲಿ ಮೇಸ್ತ್ರಿ ನೀರು ಕುಡಿದದ್ದನ್ನು ಇಪ್ಪತ್ತೆಂಟು ವರ್ಷಗಳಲ್ಲಿ ಒಬ್ಬರೂ ಕಂಡಿರಲಿಲ್ಲ. ಕರಗಿದ ಕಬ್ಬಿಣಕ್ಕೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ; ಅಚ್ಚಿನ ಮರಳು ತೀರಾ ಒದ್ದೆಯಾಗಿದ್ದರೆ ಕಬ್ಬಿಣ ಬಿದ್ದೊಡನೆ ಢಮಾರ್ ಎಂದು ಸಿಡಿಯುತ್ತದೆ. ಇಷ್ಟು ನಿಜ. ಆದರೆ ಮೇಸ್ತ್ರಿ ಈ ನಿಜವನ್ನು ಎಳೆದೆಳೆದು ತನ್ನ ಹೊಟ್ಟೆಯ ತನಕ ತಂದಿದ್ದ. ಎರಕ ಹೊಯ್ಯುವವನ ಒಳಗೂ ನೀರಿರಬಾರದಂತೆ! ಬದಲಿಗೆ ಕಡುಗಪ್ಪು ಚಹಾ, ದಿನಕ್ಕೆ ನಾಲ್ಕು ಲೋಟ.

"ಚಹಾದಲ್ಲಿ ನೀರಿಲ್ವೇನ್ರೀ?" ಎಂದು ಅದೇ ಶೆಡ್ಡಿನಲ್ಲಿ ಮರಳು ಕಲಸುವ ಹೆಂಡತಿ ಕೇಳಿದರೆ, "ಅದು ಬೆಂಕಿಗೆ ಪಳಗಿದ ನೀರು ಕಣೇ" ಎನ್ನುತ್ತಿದ್ದ. ಇಂಥವನಿಗೆ ಯಾರು ಬುದ್ಧಿ ಹೇಳುತ್ತಾರೆ?

ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಸೋಮವಾರ, ಕಬ್ಬಿಣ ತುಂಬಿದ ಸೌಟು ಕೈಯಲ್ಲಿರುವಾಗಲೇ ಮೇಸ್ತ್ರಿಗೆ ಕಣ್ಣು ಕತ್ತಲೆ ಬಂತು. ಸೌಟು ವಾಲಿ ಕಬ್ಬಿಣ ಚೆಲ್ಲಿತು. ಪುಣ್ಯಕ್ಕೆ ಬಿದ್ದದ್ದು ಒಣ ಮರಳಿನ ಮೇಲೆ, ಯಾರ ಕಾಲಿನ ಮೇಲೂ ಅಲ್ಲ.

ಸದಾ ಕೈಯಲ್ಲೊಂದು ಸೋಡಾ ಬಾಟಲಿ ಹಿಡಿದೇ ಓಡಾಡುವ ಮ್ಯಾನೇಜರ್ ಬಂದ. "ಇನ್ನೊಂದ್ಸಲ ಹೀಗಾದ್ರೆ ಸೌಟು ಬಿಟ್ಟು ಗೇಟಿನ ಕುರ್ಚೀಲಿ ಕೂತ್ಕೊಳ್ಳಿ ಮೇಸ್ತ್ರಿ. ಗುರುವಾರದ ಎರಕ ನಾನೇ ನಿಂತು ನೋಡ್ತೀನಿ."

ಗೇಟಿನ ಕುರ್ಚಿ! ಬಂದುಹೋಗುವ ಲಾರಿಗಳ ನಂಬರ್ ಬರೆದುಕೊಂಡು ಕೂರುವ ಕೆಲಸ! ಮೇಸ್ತ್ರಿಗೆ ಅಳುವೇ ಬಂತು.

ಬುಧವಾರ ಆ ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸಿಕೊಂಡ. ಅವಳು ಕಲಸಿದ ಮರಳನ್ನು ಒಂದು ಹಿಡಿ ತೆಗೆದು ಹಿಸುಕಿ ಬೆರಳು ಬಿಚ್ಚಿದ. ಮರಳು ಪುಡಿಪುಡಿಯಾಗಿ ಉದುರಿತು.

"ಏನಿದು, ಒಣಗಿಹೋಗಿದೆ! ಇದ್ರಲ್ಲಿ ಅಚ್ಚು ನಿಲ್ಲುತ್ತಾ?"

ಅವಳು ಅವನ ಕೈ ಹಿಡಿದು, ಹಿಂಗೈಯ ಚರ್ಮ ಚಿವುಟಿ ಬಿಟ್ಟಳು. ಚರ್ಮ ಎದ್ದದ್ದು ಎದ್ದ ಹಾಗೇ ನಿಂತಿತು. ತನ್ನ ಕೈ ಚಿವುಟಿಕೊಂಡಳು. ಅದು ತಟ್ಟನೆ ಸಮವಾಯಿತು.

"ಈಗ ಹೇಳಿ, ಇದ್ರಲ್ಲಿ ಮೇಸ್ತ್ರಿ ನಿಲ್ತಾನಾ?"

ಯಾವ ಡಾಕ್ಟರ ಮಾತಿಗೂ ಕಿವಿಗೊಡದವನು ಮರಳಿನ ಮಾತಿಗೆ ತಲೆಬಾಗಿದ. ಹೆಚ್ಚು ಒದ್ದೆಯಾದರೆ ಸಿಡಿಯುತ್ತದೆ, ಒಣಗಿದರೆ ಕುಸಿಯುತ್ತದೆ ಎಂದು ಶೆಡ್ಡಿಗೆಲ್ಲ ಪಾಠ ಹೇಳಿದವನು ತಾನೇ ಅಲ್ಲವೇ!

"ಹಾಗಾದ್ರೆ ಒಂದು ಬಿಂದಿಗೆ ಕೊಡು."

"ಅಯ್ಯೋ ರಾಮ, ಮರಳಿಗೆ ಒಂದೇ ಸಲ ಬಿಂದಿಗೆ ಸುರೀತೀನಾ? ಚಿಮುಕಿಸ್ಬೇಕು. ಕಾಲು ಗಂಟೆಗೊಂದು ಲೋಟ. ಊಟಾನೂ ಬಿಡ್ಬೇಡಿ, ಬೆವರಲ್ಲಿ ಹೋದ ಉಪ್ಪು ವಾಪಸ್ ಬರ್ಬೇಕಲ್ಲ."

ಗುರುವಾರ ಕಾಲು ಗಂಟೆಗೊಮ್ಮೆ ಅವಳು ತಗಡು ಬಡಿದಳು. ಮೇಸ್ತ್ರಿ ಪ್ರತಿ ಸಲವೂ ಶೆಡ್ಡಿನ ಹೊರಗೆ ಹೋಗಿ ಒಂದು ಲೋಟ ಕುಡಿದು, ಮೀಸೆಯಲ್ಲಿ ಒಂದು ಹನಿಯೂ ಉಳಿಯದಂತೆ ಒರೆಸಿಕೊಂಡು ಬಂದ. ಸೌಟು ಕೊನೆಯ ಅಚ್ಚಿನವರೆಗೂ ಅಲುಗಲಿಲ್ಲ.

ಅಲುಗಿದವನು ಮ್ಯಾನೇಜರ್. ಬೆಳಗಿನಿಂದ ಕುಲುಮೆಯ ಬಳಿ ಒಂದೇ ಬಾಟಲಿ ಸೋಡಾ ಹೀರುತ್ತಾ ನಿಂತವನು ಈಗ ಮುಖ ಬಿಳಿಚಿಕೊಂಡು ಗೋಡೆ ಹಿಡಿದಿದ್ದ. ಮೇಸ್ತ್ರಿ ಅವನ ಕೈ ಎತ್ತಿ ಚಿವುಟಿ ನೋಡಿದ. ರಟ್ಟೆ ಹಿಡಿದು ಮೆಲ್ಲಗೆ ಹೊರಗೆ ನಡೆಸಿ, ನೆರಳಿನಲ್ಲಿದ್ದ ಗೇಟಿನ ಕುರ್ಚಿಯಲ್ಲಿ ಕೂರಿಸಿದ.

"ಇವಳೇ, ಸಾಹೇಬ್ರ ಮರಳು ಒಣಗಿದೆ, ಸ್ವಲ್ಪ ಚಿಮುಕಿಸು," ಎಂದು ಕೂಗಿ, ಮ್ಯಾನೇಜರನ ಕಡೆ ಬಾಗಿದ.

"ಸುಧಾರಿಸ್ಕೊಳ್ಳಿ ಸಾರ್. ಹಾಗೇ ಲಾರಿ ಬಂದ್ರೆ ನಂಬರ್ ಬರ್ಕೊಳ್ಳಿ."