ನಾಲ್ಕು ಬೆರಳಿನ ಎತ್ತರ

ಮುಖ ತೊಳೆದು ಬಂದವರ ಮುಖ ಒದ್ದೆಯಾಗಿರಬೇಕು. ಅತ್ತೆ ಬಚ್ಚಲಿನಿಂದ ಬಂದರೆ ಮೊಣಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಇದು ಯಾಕೆ ಹೀಗೆ ಎಂಬುದು ಸೊಸೆಯ ತಲೆಗೆ ಹೊಕ್ಕ ಹುಳ. ಒಂದು ಬೆಳಿಗ್ಗೆ ಅರ್ಧ ತೆರೆದ ಬಾಗಿಲಿನಿಂದ ನೋಡಿದಾಗ ಅರ್ಥವಾಯಿತು. ಗಂಡ ಒಂಟೆಯಂಥ ಆಸಾಮಿ. ಬೇಸಿನ್ನನ್ನು ತನ್ನ ಎತ್ತರಕ್ಕೇ ಗೋಡೆಗೆ ಹಾಕಿಸಿದ್ದ. ಅತ್ತೆಯದು ಗಿಡ್ಡ ಜೀವ. ಸಾಲದ್ದಕ್ಕೆ ಈಚೆಗೆ ಭುಜ ಹಿಡಿದುಕೊಂಡಿತ್ತು. ಪಾಪ, ಹಲ್ಲು ಕಚ್ಚಿ ಕೈ ಎತ್ತುತ್ತಿದ್ದರು. ಬೊಗಸೆಯ ನೀರು ಮುಖಕ್ಕೆ ಬರುವ ಬದಲು ಮೊಣಕೈಗೆ ಇಳಿಯುತ್ತಿತ್ತು.

ಅಂದಿನಿಂದ ಸೊಸೆಯೇ ಒದ್ದೆ ಬಟ್ಟೆ ತಂದು ಅವರ ಮುಖ ಒರೆಸತೊಡಗಿದಳು. ಅತ್ತೆ ಮಗುವಿನ ಹಾಗೆ ಕಣ್ಣು ಮುಚ್ಚಿ ಮುಖ ಒಡ್ಡುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ. ಆದರೆ ಮನೆಗೆಲ್ಲ ಮೊದಲು ಏಳುತ್ತಿದ್ದವರು ಈಗ ಹಾಸಿಗೆಯಲ್ಲೇ ಕೂತು ಸೊಸೆಯ ದಾರಿ ಕಾಯುತ್ತಿದ್ದರು. ಬಾಯಿ ತುಂಬ ಮಾತಾಡುತ್ತಿದ್ದವರಿಗೆ ಹೂಂ, ಉಹೂಂ ಅಷ್ಟೇ ಉಳಿಯಿತು.

"ಯಾಕತ್ತೆ, ಬಟ್ಟೆ ತಣ್ಣಗಿದೆಯಾ?" ಎಂದು ಒಮ್ಮೆ ಕೇಳಿದಳು.

"ಬಟ್ಟೆಗೇನಾಗಿದೆ? ನಮ್ಮ ಮುಖ ನಮ್ಮ ಕೈಯಲ್ಲೇ ತೊಳ್ಕೊಂಡ್ರೇನೇ ಕಣೇ ಬೆಳಗಾಗೋದು," ಎಂದರು ಅತ್ತೆ. "ಇಲ್ಲದಿದ್ರೆ ಇಡೀ ದಿನ ಇನ್ನೂ ಬೆಳಗೇ ಆಗಿಲ್ಲ ಅನ್ನಿಸುತ್ತೆ."

ಆ ಮಾತು ಸೊಸೆಯ ಎದೆಯಲ್ಲಿ ಕೂತುಬಿಟ್ಟಿತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಅವಳಿಗೆ ಅದೇ ಯೋಚನೆ. ಕೊನೆಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಒಂದು ಚಿತ್ರ ಬರೆದಳು: ನಾಲ್ಕು ಕಾಲಿನ ಒಂದು ಮರದ ಕಪಾಟು, ಅದರ ತಲೆಯ ಮಟ್ಟಕ್ಕೆ ಹುದುಗಿಸಿದ ಅದೇ ಬೇಸಿನ್ನು, ಆದರೆ ತಗ್ಗಿನಲ್ಲಿ. ನಡುವೆ ನೀರಿನ ಪೈಪು ಹಾವಿನಂತೆ ಸುತ್ತಿ ಇಳಿಯುವುದರಿಂದ ಅಲ್ಲಿ ಬರೀ ಬಾಗಿಲು. ಎರಡು ಪಕ್ಕಕ್ಕೆ ಸಣ್ಣ ಡ್ರಾಯರು.

ಗಂಡ ಹಾಳೆಯನ್ನು ತಿರುಗಾ ಮುರುಗಾ ಹಿಡಿದು ನೋಡಿದ. "ನೀನು ಮಾಡಿದ ಪುಸ್ತಕದ ಶೆಲ್ಫು ಇನ್ನೂ ಗೋಡೆಗೆ ಒರಗಿಕೊಂಡು ನಿದ್ದೆ ಹೊಡೀತಾ ಇದೆ."

"ನಿಮ್ಮ ಹಾಗೇ," ಎಂದಳು. "ಮಗಳ ಹಳೇ ಮಂಚ ಬಿಚ್ಚಿಕೊಡ್ತೀರೋ, ನಾನೇ ಬಿಚ್ಚಲೋ?"

ಮಗಳ ಕಾಲು ಹೊರಚಾಚುವಷ್ಟಾದ ಮೇಲೆ ಆ ಮಂಚ ಮೂಲೆ ಸೇರಿತ್ತು. ಮರ ಮಾತ್ರ ಗಟ್ಟಿ. ಗಂಡ ಗೊಣಗುತ್ತಲೇ ಬಿಚ್ಚಿಕೊಟ್ಟ.

ಉಳಿದದ್ದು ಒಂದೇ ಪ್ರಶ್ನೆ: ಎಷ್ಟು ತಗ್ಗು? ಟೇಪು ಹಿಡಿದು ಹೋದರೆ ಅತ್ತೆ ಕೈ ಕೊಡವಿದರು. "ನನ್ನೊಬ್ಬಳಿಗೋಸ್ಕರ ಇಡೀ ಮನೇನ ಬಗ್ಗಿಸಬೇಡ ತಾಯಿ. ನನಗೆ ಅಳತೆ ಗಿಳತೆ ಬೇಡ. ಹೋಗು, ಒಲೆ ಮೇಲಿನ ಹಾಲು ನೋಡು."

ಹಾಲು ನೋಡಲು ಹೋದವಳಿಗೆ ಅಡುಗೆಮನೆಯ ಕಟ್ಟೆ ಕಾಣಿಸಿತು. ಭುಜ ಎಷ್ಟೇ ನೋಯಲಿ, ಅತ್ತೆ ಅಲ್ಲಿ ನಿಂತು ತರಕಾರಿ ಹೆಚ್ಚುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮೊಣಕೈ ಸಡಿಲ, ಭುಜ ಇಳಿಬಿಟ್ಟು, ಬೆಣ್ಣೆ ಕತ್ತರಿಸಿದಷ್ಟು ಸುಲಭವಾಗಿ ಕೈಯಾಡುತ್ತಿತ್ತು. ಇನ್ನೇನು ಬೇಕು? ಹೇಳದ ಅಳತೆಯನ್ನು ಕಟ್ಟೆ ಹೇಳಿತ್ತು. ಅತ್ತೆ ಅತ್ತ ಹೋದ ಕೂಡಲೇ ಸೊಸೆ ಕಟ್ಟೆಯ ಎತ್ತರಕ್ಕೆ ಟೇಪು ಹಿಡಿದು, ತನ್ನ ಜಾಣತನಕ್ಕೆ ತಾನೇ ನಕ್ಕಳು.

ಕೆಲಸ ಮನೆಯ ಹಿಂದಿನ ಜಗಲಿಯಲ್ಲಿ ನಡೆಯಿತು. ಅನ್ನಕ್ಕಿಟ್ಟು ಬಂದು ಒಂದು ಹಲಗೆ ಕೊಯ್ಯುವುದು, ಅನ್ನ ಇಳಿಸಿ ಬಂದು ಅದರ ಅಂಚು ಉಜ್ಜುವುದು. ಮೊದಲ ಡ್ರಾಯರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಯಾಕೆ? ಮತ್ತೆ ಬಿಚ್ಚಿ ನೋಡಿದರೆ ಅಂಟು ಹನಿದು ಒಣಗಿತ್ತು. ಅದನ್ನು ಕೆರೆದು, ಪಕ್ಕಗಳಿಗೆ ಮೇಣದಬತ್ತಿ ಸವರಿದ ಮೇಲೆ ಡ್ರಾಯರು ಬೆರಳು ಸೋಕಿದರೆ ಜಾರುವಂತಾಯಿತು. ಅವಳು ಎಳೆದಳು, ತಳ್ಳಿದಳು, ಮತ್ತೆ ಎಳೆದಳು. ಒಳಗಿನಿಂದ ಅತ್ತೆ ಕೂಗಿದರು: "ಸಾಕು ಮಾರಾಯ್ತಿ, ಅದಕ್ಕೂ ಸುಸ್ತಾಗುತ್ತೆ!"

ವಾರ್ನಿಶ್ ಒಣಗಿದ ಮೇಲೆ ಗಂಡಹೆಂಡತಿ ಸೇರಿ ಕಪಾಟನ್ನು ಬಚ್ಚಲಿಗೆ ಸಾಗಿಸಿದರು. ಪ್ಲಂಬರ್ ಮರುದಿನ ಬಂದು ಬೇಸಿನ್ ಕೂರಿಸುವವನಿದ್ದ. ಸೊಸೆ ಅತ್ತೆಯನ್ನು ಕರೆತಂದು ಎದುರಿಗೆ ನಿಲ್ಲಿಸಿ, "ಇಲ್ಲೇ ನಲ್ಲಿ ಇದೆ ಅಂದ್ಕೊಳ್ಳಿ, ಮುಖ ತೊಳೀರಿ," ಎಂದಳು.

ಅತ್ತೆ ಕೈ ಮುಂದೆ ಚಾಚಿದರು. ಮೊಣಕೈಗಳು ಕೋಳಿಯ ರೆಕ್ಕೆಗಳಂತೆ ಎದ್ದವು. ಭುಜ ಚುಳುಕ್ಕೆಂದಿರಬೇಕು, ತುಟಿ ಬಿಗಿಯಿತು. ಆದರೂ ನಕ್ಕು, "ಎಷ್ಟು ಚೆನ್ನಾಗಿದೆ! ಇದು ಸಾಕು ಬಿಡು," ಎಂದರು.

ಸಾಕಾಗಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

"ಬಚ್ಚಲಿನ ನೆಲ ಏರುಪೇರಾಗಿದೆ," ಎಂದಳು ಸೊಸೆ ಮೆಲ್ಲಗೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಗಂಡ. ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಟೇಪು ಸುಳ್ಳು ಹೇಳದು. ಅದೇ ಎತ್ತರದ ಕಟ್ಟೆಯಲ್ಲಿ ಆರಾಮವಾಗಿರುವ ಭುಜ ಇಲ್ಲಿ ಯಾಕೆ ನೋಯಬೇಕು? ಸೊಸೆ ತಲೆ ಕೆರೆದುಕೊಂಡು ಅಡುಗೆಮನೆಗೆ ಹೋದಳು. ಅತ್ತೆ ನಿಲ್ಲುವ ಜಾಗದಲ್ಲೇ ನಿಂತಳು. ಏನೂ ಹೊಳೆಯಲಿಲ್ಲ. ನೆಲಕ್ಕೆ ಕೂತಳು. ಕಟ್ಟೆಯ ಕೆಳಗಿನ ಕತ್ತಲಲ್ಲಿ, ಈರುಳ್ಳಿ ಬುಟ್ಟಿಯ ಹಿಂದೆ, ಏನೋ ಇತ್ತು. ಎಳೆದಳು. ಎರಡು ದಪ್ಪ ಪಟ್ಟಿಗಳ ಮೇಲೆ ಮೊಳೆ ಹೊಡೆದ ಒಂದು ಹಲಗೆ. ನಡುವೆ ಎರಡು ಪಾದಗಳಷ್ಟು ಜಾಗ ಸವೆದು ನುಣುಪಾಗಿತ್ತು. ಬೆರಳಿಟ್ಟು ನೋಡಿದಳು: ಸರಿಯಾಗಿ ನಾಲ್ಕು ಬೆರಳಿನ ಎತ್ತರ.

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕದ್ದು ಸಿಕ್ಕಿಬಿದ್ದವರಂತೆ.

"ಇದರ ಮೇಲೆ ನಿಂತು ಹೆಚ್ತಿದ್ರಾ ಅತ್ತೆ?"

"ಹೂಂ. ಸೀರೆಯ ಅಂಚು ಅದನ್ನ ಮುಚ್ಚಿಕೊಳ್ತಿತ್ತು. ಆದ ಮೇಲೆ ಕಾಲಲ್ಲೇ ಒಳಗೆ ತಳ್ಳಿಬಿಡ್ತಿದ್ದೆ."

"ಯಾವಾಗಿನಿಂದ?"

"ಕಟ್ಟೆ ಕಟ್ಟಿಸಿದಾಗಿನಿಂದ."

"ನಿಮಗೆ ಎತ್ತರ ಆಗುತ್ತೆ ಅಂತ ಗೊತ್ತಿದ್ರೂ ಮೇಸ್ತ್ರಿಗೆ ಹೇಳಲಿಲ್ವಾ?"

"ಹೇಳದೇ ಏನು? ಇಷ್ಟು ಎತ್ತರ ಕಟ್ಟಪ್ಪ ಅಂತ ನಾನೇ ಹೇಳಿದ್ದು." ಅತ್ತೆ ಬುಟ್ಟಿಯಿಂದುರುಳಿದ ಈರುಳ್ಳಿಯನ್ನು ಎತ್ತಿ ಒಳಗೆ ಹಾಕಿದರು. "ನೀನು ಆಗ ಹೊಸದಾಗಿ ಬಂದಿದ್ದೆ. ಉದ್ದನೇ ಹುಡುಗಿ. ಹಳೇ ಕಟ್ಟೆ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡ್ಕೋತಿದ್ದೆ. ಕೇಳಿದ್ರೆ ಏನಿಲ್ಲ ಅತ್ತೆ ಅಂತಿದ್ದೆ."

"ಮತ್ತೆ ನನ್ನ ಅಳತೆ?"

"ಬಾಗಿಲಿಗೆ ಒರಗಿ ನಿಂತು ಹಾಡು ಗುನುಗ್ತಿದ್ದೆ ನೋಡು, ಆವಾಗ ನಿನ್ನ ಮೊಣಕೈ ಎಲ್ಲಿ ಬರುತ್ತೆ ಅಂತ ಗುರುತು ಮಾಡ್ಕೊಂಡೆ. ನೀನು ಕಟ್ಟೆ ಅಳೆದದ್ದೂ ನೋಡಿದೆ. ಹಲಗೆ ವಿಷಯ ಬಾಯಿಗೆ ಬಂತು, ಹೇಳಿದ್ರೆ ನಿನ್ನ ಕಟ್ಟೆ ಒಡೆಸ್ತೀಯಲ್ಲ ಅಂತ ನುಂಗಿಕೊಂಡೆ."

ಸೊಸೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡಕ್ಕೂ ಪುರುಸೊತ್ತು ಕೊಡದೆ ಗರಗಸ ತೆಗೆದುಕೊಂಡಳು. ಅದೃಷ್ಟಕ್ಕೆ, ಕೆಳಗೆ ನೆಲ ಒರೆಸಲು ಸುಲಭವಾಗಲೆಂದು ಕಪಾಟಿಗೆ ಉದ್ದನೆಯ ಕಾಲುಗಳನ್ನೇ ಬಿಟ್ಟಿದ್ದಳು.

"ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದು ಕಪಾಟನ್ನು ಮಲಗಿಸಿ ಅದರ ಮೇಲೆ ಅತ್ತೆಯನ್ನು ಕೂರಿಸಿದಳು. "ಅಲುಗಾಡಬಾರದು."

"ನನ್ನನ್ನ ಕಲ್ಲು ಮಾಡಿದೆಯಲ್ಲೇ! ಕಾಲು ಯಾವುದು, ಕಪಾಟಿಂದೋ ನಂದೋ, ನೋಡ್ಕೊಂಡು ಕೊಯ್ಯಿ."

"ಇಷ್ಟು ತಗ್ಗಿಸಿದ್ರೆ ನನ್ನ ಗತಿ?" ಎಂದ ಗಂಡ.

"ನೀನು ಬಗ್ಗು," ಎಂದರು ಅತ್ತೆ. "ನಿನ್ನ ಬೆನ್ನು ಬಗ್ಗಿದ್ದನ್ನ ನಾನೂ ಒಂದ್ಸಲ ನೋಡಬೇಕು."

ನಾಲ್ಕು ಕಾಲಿನಿಂದ ನಾಲ್ಕು ತುಂಡು ಉರುಳಿದವು. ಮರುದಿನ ಪ್ಲಂಬರ್ ಬೇಸಿನ್ ಕೂರಿಸಿ ನೀರು ಬಿಟ್ಟು ಹೋದ.

ಅದರ ಮಾರನೆಯ ಬೆಳಿಗ್ಗೆ ಸೊಸೆ ಒದ್ದೆ ಬಟ್ಟೆ ಹಿಂಡಿಕೊಂಡು ಹೋದರೆ ಅತ್ತೆಯ ಹಾಸಿಗೆ ಖಾಲಿ. ಬಚ್ಚಲಿನ ಬಾಗಿಲು ಮುಚ್ಚಿತ್ತು. ನೀರಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಡ್ರಾಯರು ಎಳೆದ ಸದ್ದು, ತಳ್ಳಿದ ಸದ್ದು, ಮತ್ತೆ ಎಳೆದ ಸದ್ದು. ಸೊಸೆ ಬಟ್ಟೆ ಹಿಡಿದು ಹೊರಗೇ ನಿಂತಳು.

ಬಾಗಿಲು ತೆರೆಯಿತು. ಅತ್ತೆಯ ಮುಖದಿಂದ ನೀರು ಇಳಿಯುತ್ತಿತ್ತು.

"ಏನೇ, ಮುಖ ತೊಳೆಯೋದಕ್ಕೂ ಕಾವಲಾ?" ಎಂದವರೇ ಎರಡೂ ಮೊಣಕೈಗಳನ್ನು ಸೊಸೆಯ ಮುಂದೆ ಒಡ್ಡಿದರು. "ತಗೋ, ಮುಟ್ಟಿ ನೋಡು."

ಒಣಗಿದ್ದವು.

"ಬೆಳಗಾಯ್ತಾ ಅತ್ತೆ?"

"ಆಗಿ ಎಷ್ಟೊತ್ತಾಯ್ತು! ಹಾಲು ಉಕ್ಕುತ್ತಿರಬೇಕು, ನಡಿ ನಡಿ."