ದಪ್ಪ ವೈರಿನ ಪಿಟೀಲು

ಟೈಲರಮ್ಮ ಮಂಡಿಯೂರಿ, ಕೈ ಚಾಚಿ, ಗೋಡೆಯ ಪ್ಲಗ್ಗನ್ನು ಕಿತ್ತಳು. ಬೆಳಗಿನಿಂದ ಗುರ್ರೆನ್ನುತ್ತಿದ್ದ ಶವದ ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಯಿತು. ಕೋಣೆಯಲ್ಲಿ ಕೂತಿದ್ದವರೆಲ್ಲ ಮಾತು ನಿಲ್ಲಿಸಿ ತಿರುಗಿ ನೋಡಿದರು.

"ಅತ್ತಿಗೆ! ಇದೇನ್ ಮಾಡ್ತಿದ್ದೀರಿ?" ಮೈದುನ ಗಾಬರಿಯಿಂದ ಎದ್ದು ಬಂದ. "ಪೆಟ್ಟಿಗೆ ತಣ್ಣಗಿಡೋ ಪ್ಲಗ್ಗು ಅದು."

"ಗೊತ್ತಪ್ಪ. ಗಾಡಿ ಬರೋ ಹೊತ್ತಾಯ್ತು. ನಿಮ್ಮಣ್ಣನ್ನ ಇನ್ನೂ ಎಷ್ಟು ತಣ್ಣಗಿಡ್ತೀಯ? ಈ ಜಾಗ ಆಂಪ್ಲಿದು. ಕಪ್ಪಗೆ ದಪ್ಪನೇ ವೈರೊಂದಿತ್ತಲ್ಲ, ಎಲ್ಲಿ ಅದು?"

ಪೆಟ್ಟಿಗೆ ತಂದವರು ಆಂಪ್ಲಿಫೈಯರು, ಸ್ಪೀಕರು ಎಂದು ಹಾಡು ಕೇಳುವ ಸಾಮಾನನ್ನೆಲ್ಲ ಮೂಲೆಗೆ ತಳ್ಳಿದ್ದರು. ಎದೆಮಟ್ಟದ ಸ್ಪೀಕರುಗಳ ಮೇಲೆ ಯಾರದೋ ಕೊಡೆ, ಯಾರದೋ ಚೀಲ.

"ಅಮ್ಮಾ, ಆ ವೈರಲ್ಲಿ ಮುಂಬಾಗಿಲು ಕಟ್ಟಿದ್ದಾರೆ," ಎಂದಳು ಮಗಳು ಮೆಲ್ಲಗೆ. "ಗಾಳಿಗೆ ಸುಮ್ನೆ ಬಡ್ಕೊಳ್ತಿತ್ತು."

ಹೌದು. ಹೆಣೆದ ಬಟ್ಟೆಯ ಅಂಗಿ ತೊಟ್ಟ, ಹೆಬ್ಬೆರಳು ದಪ್ಪದ ಆ ಪವರ್ ಕಾರ್ಡು ಬಾಗಿಲಿನ ಹಿಡಿಯನ್ನು ಕಿಟಕಿಯ ಸರಳಿಗೆ ಬಿಗಿದಿತ್ತು. ಟೈಲರಮ್ಮ ಚಪ್ಪಲಿಗಳ ರಾಶಿ ದಾಟಿಕೊಂಡು ಹೋಗಿ ಗಂಟು ಬಿಚ್ಚತೊಡಗಿದಳು.

ಮೈದುನ ಹಿಂದೆಯೇ ಬಂದ. "ಈಗ ಹಾಡು ಹಾಕ್ತೀರಾ? ಸಾವಿನ ಮನೇಲಿ? ಜನ ಏನಂದ್ಕೊಳ್ಳಲ್ಲ?"

"ಹಾಡಲ್ಲ, ಪಿಟೀಲು. ನಿನ್ನೆ ಅರ್ಧ ಕೇಳಿ, 'ಮಿಕ್ಕಿದ್ದು ನಾಳೆ ಕೇಳ್ತೀನಿ ಕಣೇ' ಅಂತ ಹೋಗಿ ಮಲಗಿದ್ರು. ಏಳಲೇ ಇಲ್ಲ. ಮಿಕ್ಕಿದ್ದನ್ನ ಕೇಳಿಸಿಯೇ ಕಳಿಸೋದು."

"ಹಾಗಾದ್ರೆ ಕಂಪ್ಯೂಟರ್ ವೈರ್ ಸಿಕ್ಕಿಸೋಣ. ಕರೆಂಟು ಹರಿದ್ರೆ ಸಾಕಲ್ಲ."

"ಬೇಡ. ಇದೇ ಬೇಕು."

"ಯಾವ ವೈರಾದ್ರೂ ಒಂದೇ ಕಣಮ್ಮಾ," ಎಂಬ ದನಿ ಮೆಟ್ಟಿಲ ಕೆಳಗಿನಿಂದ ಬಂತು. ರೇಡಿಯೋ ರಿಪೇರಿಯವರು. ಒಂದು ಕಾಲದಲ್ಲಿ ದಿನಾ ಸಂಜೆ ಈ ಮನೆಯ ಚಹಾ ಕುಡಿದವರು, ವರ್ಷಗಟ್ಟಲೆಯಿಂದ ಈ ಬೀದಿಯನ್ನೇ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದವರು. ಬಾಯಿ ತಪ್ಪಿ ಬಂದ ಮಾತಿಗೆ ಅವರೇ ನಾಚಿ ತಲೆ ತಗ್ಗಿಸಿದರು.

"ಅಷ್ಟು ನನಗೆ ಗೊತ್ತಿಲ್ವಾ?" ಎಂದಳು ಟೈಲರಮ್ಮ. "ಬನ್ನಿ ಒಳಗೆ. ಈ ತುದಿ ಹಿಡ್ಕೊಳ್ಳಿ, ಗಂಟು ಸಡಿಲ ಆಗ್ತಿಲ್ಲ."

*

ಅವಳ ಗಂಡ ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಯಂತ್ರ ನಡೆಸಿದವರು. ಅಲ್ಲಿನ ಗದ್ದಲದಲ್ಲಿ ಪಕ್ಕದವನ ಮಾತು ತಿಳಿಯಬೇಕಾದರೆ ಅವನ ತುಟಿ ನೋಡಬೇಕು. ಮನೆಗೆ ಬಂದು, ಕೈಯ ಮಸಿ ಉಜ್ಜಿ ತೊಳೆದು, ಕುರ್ಚಿ ಎಳೆದುಕೊಂಡು ಪಿಟೀಲು ಹಾಕಿ ಕಣ್ಣು ಮುಚ್ಚಿದರೆ ಕಳ್ಳ ಬಂದು ಕುರ್ಚಿ ಸಮೇತ ಹೊತ್ತೊಯ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಕೆಲಸದ ಕೊನೆಯ ವರ್ಷಗಳಲ್ಲಿ ಆ ಪಿಟೀಲು ಮಂಕಾಗತೊಡಗಿತು. "ಕಂಬಳಿ ಹೊದ್ದು ಬಾರಿಸ್ತಿದ್ದಾನೆ ಇವನು," ಎಂದು ಗೊಣಗಿದರು. ಆಂಪ್ಲಿ ಬಿಚ್ಚಿಸಿದರು, ಸ್ಪೀಕರ್ ಬದಲಿಸಿದರು. "ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸೋಣ್ವಾ?" ಎಂದು ಅವಳು ಕೇಳಿದ್ದೇ ತಪ್ಪಾಯಿತು. ಮುಖ ಊದಿಸಿಕೊಂಡು, ಎಷ್ಟೋ ದಿನ ಪಿಟೀಲಿನ ಸುದ್ದಿಗೇ ಹೋಗಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತು ಗೋಡೆ ನೋಡುತ್ತಿದ್ದರು. ಇನ್ನು ಕಿವಿಯ ಮಾತೆತ್ತುವುದಿಲ್ಲ, ಆದರೆ ಈ ಮನುಷ್ಯ ಪಿಟೀಲು ಬಿಡಲು ತಾನು ಬಿಡುವುದೂ ಇಲ್ಲ ಎಂದು ಅವಳು ಅಂದೇ ಗಟ್ಟಿಮಾಡಿಕೊಂಡಳು.

ಆಗ ಬಂದದ್ದು ಆ ದಪ್ಪ ವೈರು. ತಪ್ಪೆಲ್ಲ ಕರೆಂಟಿನದು, ಕರೆಂಟು ಶುದ್ಧವಾಗಿ ಬಂದರೆ ದನಿ ತಿಳಿಯಾಗುತ್ತದೆ ಎಂದು ಎಲ್ಲೋ ಓದಿ ತರಿಸಿದ್ದರು. ರೇಡಿಯೋ ರಿಪೇರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಯ್ಯಾ, ಬೀದಿ ಕಂಬದಿಂದ ಗೋಡೆ ತನಕ ಅದೇ ಹಳೇ ವೈರು. ಕೊನೇ ಎರಡು ಮೊಳ ದಪ್ಪ ಆದ್ರೆ ಪಿಟೀಲಿಗೆ ಕೊಂಬು ಮೂಡುತ್ತಾ?"

ಗಂಡ ವೈರು ಸಿಕ್ಕಿಸಿದರು. ಕೂತರು. ಕೇಳಿದರು. ಅವರ ಮುಖ ಮೆಲ್ಲಗೆ ಇಳಿಯುವುದನ್ನು ಹೊಲಿಗೆ ಯಂತ್ರದ ಹಿಂದಿನಿಂದ ಅವಳು ಕಂಡಳು.

ಮರುದಿನ ಬೆಳಿಗ್ಗೆ ಧೂಳು ಒರೆಸುವಾಗ ಆಂಪ್ಲಿಯ ಟ್ರೆಬಲ್ ಗುಂಡಿಯನ್ನು, ಪಿಟೀಲಿನಂಥ ಕೀಚು ದನಿಗಳನ್ನು ಏರಿಸುವ ಗುಂಡಿಯನ್ನು, ಚೂರು ಬಲಕ್ಕೆ ತಿರುಗಿಸಿದಳು. ಶುದ್ಧ ದನಿ ಬೇಕೆನ್ನುವವರು ಗುಂಡಿ ಮುಟ್ಟಬಾರದೆಂಬುದು ಅವರ ನೇಮ. ಅದರತ್ತ ಕಣ್ಣು ಹಾಯಿಸಲೂ ಇಲ್ಲ. ಸಂಜೆ ಮಾತ್ರ ಕುರ್ಚಿಯಿಂದ ಹಾರಿ ಎದ್ದರು.

"ಕೇಳ್ತೇನೇ? ಕೇಳ್ತಾ? ಹೊಸ ವೈರು, ಪಳಗೋಕೆ ಒಂದು ದಿನ ಬೇಕಾಯ್ತು ನೋಡು!"

"ಹೂಂ, ಬೇರೇನೇ ಇದೆ," ಎಂದಳು ಸೂಜಿಗೆ ದಾರ ಪೋಣಿಸುತ್ತ.

ಆಮೇಲೆ ಅವರ ಕಿವಿ ಹಿಂದೆ ಬಿದ್ದಷ್ಟೂ ಗುಂಡಿ ಮುಂದೆ ಸರಿಯಿತು. ಪಿಟೀಲು ತನ್ನ ಕಿವಿಗೆ ಚುಚ್ಚತೊಡಗಿದಾಗ ಅವಳು ಹತ್ತಿ ತುರುಕಿಕೊಂಡು ಹೊಲಿದಳು. ಅವರು ಸಿಕ್ಕಸಿಕ್ಕವರಿಗೆಲ್ಲ ವೈರಿನ ಗುಣಗಾನ ಮಾಡಿದರು. ಒಂದು ಸಂಜೆ ರೇಡಿಯೋ ರಿಪೇರಿಯವರಿಗೆ ರೇಗಿಹೋಯಿತು. "ನಿನಗೇನೂ ಬೇರೆ ಥರ ಕೇಳ್ತಿಲ್ಲ. ಸೋತೆ ಅನ್ನೋಕಾಗದೆ ಸುಳ್ಳು ಹೇಳ್ತಿದ್ದೀಯ." ಗಂಡ ಎದ್ದು ನಿಂತು ಬಾಗಿಲು ತೋರಿಸಿದರು. ಅವಳು ಒಂದು ಮಾತು ಆಡಿದ್ದರೆ ಜಗಳ ತೀರುತ್ತಿತ್ತು. ಆದರೆ ಅದರ ಜೊತೆಗೆ ಪಿಟೀಲೂ ಹೋಗುತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

*

ರೇಡಿಯೋ ರಿಪೇರಿಯವರೇ ಕಷ್ಟಪಟ್ಟು ಬಗ್ಗಿ ವೈರು ಸಿಕ್ಕಿಸಿದರು. ಅವಳು ಸ್ವಿಚ್ಚು ಒತ್ತಿದಳು. ಪಿಟೀಲು ಕೋಣೆಯನ್ನು ಸೀಳಿಕೊಂಡು ಹೊರಬಂತು. ಮಗುವೊಂದು ಚಿಟ್ಟನೆ ಚೀರಿತು.

"ಅಯ್ಯಯ್ಯೋ, ಬಾಣಲೆ ಕೆರೆದ ಹಾಗಿದೆಯಲ್ಲ!" ಮೈದುನ ಕಿವಿ ಮುಚ್ಚಿಕೊಂಡ.

ರೇಡಿಯೋ ರಿಪೇರಿಯವರ ಕೈ ತಾನಾಗಿ ಗುಂಡಿಗೆ ಹೋಯಿತು. ಒರೆಸಿ ಒರೆಸಿ ಅದರ ಸುತ್ತಲಿನ ಗೆರೆಗಳು ಮಾಸಿದ್ದವು, ಆದರೆ ಬೆರಳಿಗೆ ಗೊತ್ತಾಯಿತು.

"ಇದು ಕೊನೇವರೆಗೂ ಹೋಗಿದೆ."

"ಹೌದು."

"ಅವನು ಗುಂಡಿ ಮುಟ್ಟೋನೇ ಅಲ್ಲ."

"ಅಲ್ಲ."

ಅವರು ಅವಳ ಮುಖವನ್ನೇ ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ.

"ಯಾವಾಗಿಂದಮ್ಮಾ?"

"ವೈರು ಬಂದ ಮರುದಿನದಿಂದ."

"ಅಂದ್ರೆ..." ಅವರು ಗುಂಡಿಯಿಂದ ಕೈ ತೆಗೆದರು. "ಅಂದ್ರೆ ಅವನಿಗೆ ನಿಜವಾಗ್ಲೂ ಕೇಳ್ತಿತ್ತು. ಸುಳ್ಳುಗಾರ ಅಂದೆನಲ್ಲಮ್ಮಾ ನಾನು."

"ಅವರು ಹೇಳಿದ್ದು ನಿಜ, ವೈರಿನ ವಿಷಯಕ್ಕೆ ನೀವು ಹೇಳಿದ್ದೂ ನಿಜ. ಬಾಯಿ ಬಿಡದೆ ಇದ್ದೋಳು ನಾನು." ಅವಳು ಗಂಡನ ಕುರ್ಚಿಯನ್ನು ಅವರತ್ತ ಎಳೆದಳು. "ಕೂತ್ಕೊಳ್ಳಿ."

ಅಷ್ಟರಲ್ಲಿ ಗಾಡಿ ಬಂದು ನಿಂತಿತ್ತು. ಮೈದುನ ಗುಂಡಿಯತ್ತ ಕೈ ಚಾಚಿದ. "ಅತ್ತಿಗೆ, ಸ್ವಲ್ಪ ಕಮ್ಮಿನಾದ್ರೂ ಮಾಡೋಣ."

ಟೈಲರಮ್ಮ ಗುಂಡಿಯ ಮೇಲೆ ಅಂಗೈ ಇಟ್ಟಳು. "ಮುಟ್ಟಬೇಡ. ಅವರಿಗೆ ಕೇಳೋದೇ ಹೀಗೆ. ತಡೆಯೋಕಾಗದೋರು ಆಚೆ ನಿಂತ್ಕೊಳ್ಳಿ. ಗಾಡಿಯೋನಿಗೂ ಹೇಳು, ಮುಗಿದ್ಮೇಲೇ ಹೊರಡೋದು."

ನೆಂಟರು ಕಿವಿಗೆ ಕೈಯಿಟ್ಟುಕೊಂಡು ಒಬ್ಬೊಬ್ಬರಾಗಿ ಹೊರಗೆ ಸರಿದರು. ಮಗಳೂ ಅಳುವ ಮಗುವನ್ನೆತ್ತಿಕೊಂಡು ಹೋದಳು.

ಹೊರಗೆ ಹೋಗುವವರನ್ನು ತಳ್ಳಿಕೊಂಡು ಒಂದು ಗುಂಪು ಒಳಗೆ ಬಂತು. ಮುದ್ರಣಾಲಯದವರು, ಪಾಳಿ ಮುಗಿಸಿ ನೇರ ಬಂದಿದ್ದರು. ತಲೆ ನರೆತವರು, ಸತ್ತವರ ಪಕ್ಕದ ಯಂತ್ರಗಳಲ್ಲಿ ನಿಂತು ಬಾಳು ಸವೆಸಿದವರು. ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿದರು. ಮೊದಲಿನವನು ತಟ್ಟನೆ ತಲೆಯೆತ್ತಿ ಸುತ್ತ ನೋಡಿದ.

"ಪಿಟೀಲೇನೋ ಅದು?" ಎಂದು ಪಕ್ಕದವನ ಕಿವಿಯಲ್ಲಿ ಕೂಗಿದ.

"ಹೂಂ ಕಣೋ, ಪಿಟೀಲು!" ಅವನೂ ಕೂಗಿದ. "ಎಷ್ಟು ತಿಳಿಯಾಗಿ ಕೇಳ್ತಿದೆ ನೋಡೋ!"

ಮೂರನೆಯವನು ತುಟಿಯ ಮೇಲೆ ಬೆರಳಿಟ್ಟು ಇಬ್ಬರನ್ನೂ ಗದರಿದ. ಎಲ್ಲರೂ ಸದ್ದಿಲ್ಲದೆ ಸ್ಪೀಕರುಗಳ ಮುಂದೆ ನೆಲದ ಮೇಲೆ ಕೂತರು, ಒಬ್ಬನ ಭುಜಕ್ಕೆ ಇನ್ನೊಬ್ಬ ಒತ್ತಿಕೊಂಡು, ಯಾರೋ ಹೆಸರು ಹಿಡಿದು ಕರೆದಂತೆ ಮುಖ ಮುಂದೆ ಚಾಚಿ.